ಶಾಲೆ ಮಕ್ಕಳ ಮುಂಜಾನೆ ನಾಷ್ಟಾ: ನಮ್ಮೂರಿಗೋ, ಮಲಾವಿಗೋ? ಲೆಕ್ಕ ಹೇಳ್ರಿ

ವರದಾ ದಂಡಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯ ಹಳೆ ವಿದ್ಯಾರ್ಥಿಗಳ ಬಳಗದ ಪರವಾಗಿ ಕೇಳುತ್ತಿದ್ದೇನೆ. 1ರಿಂದ 7ನೇ ತರಗತಿ, ಹಾಜರಿ ಪುಸ್ತಕದಲ್ಲಿ 118 ಹೆಸರು, ದಿನಾ ಬರುವವರು 100ರ ಆಸುಪಾಸು. ಬಳಗದ ಹತ್ತಿರ ಈಗ 2 ಲಕ್ಷ 40 ಸಾವಿರ ರೂಪಾಯಿ ಇದೆ. ಅದು ಮಕ್ಕಳ ಹೊಟ್ಟೆಗೇ ಹೋಗಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಯಾವ ಮಕ್ಕಳ ಹೊಟ್ಟೆಗೆ ಎಂಬಲ್ಲಿ ಎರಡು ಗುಂಪಾಗಿದೆ.

ಒಂದು ಗುಂಪಿನ ಮಾತು: ಮಧ್ಯಾಹ್ನ ಬಿಸಿಯೂಟ ಇದೆ, ಹಾಲಿದೆ, ರಾಗಿ ಮಾಲ್ಟ್ ಇದೆ, ಮೊಟ್ಟೆ ಅಥವಾ ಬಾಳೆಹಣ್ಣು ಇದೆ. ಆದರೆ ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ದಿನಗಳಲ್ಲಿ ಮನೆಯವರು ನಸುಕಿನಲ್ಲೇ ಹೊಲಕ್ಕೆ ಹೋಗುತ್ತಾರೆ, ಮಕ್ಕಳು ಚಹಾ ಕುಡಿದು ಶಾಲೆಗೆ ಬರುತ್ತಾರೆ. ಆದ್ದರಿಂದ ಮುಂಜಾನೆ ಬಿಸಿ ನಾಷ್ಟಾ ಕೊಡೋಣ. ಇನ್ನೊಂದು ಗುಂಪು ಹೇಳುವುದು: ನಮ್ಮಲ್ಲಿ ಸರಕಾರ ಇಷ್ಟಾದರೂ ಕೊಡುತ್ತಿದೆ. ಆಫ್ರಿಕಾದ ಮಲಾವಿಯಂಥ ದೇಶದಲ್ಲಿ ದಾನದ ಹಣದಿಂದ ನಡೆಯುವ ಶಾಲೆಯ ಗಂಜಿಯೇ ಎಷ್ಟೋ ಮಕ್ಕಳಿಗೆ ದಿನದ ಗಟ್ಟಿ ಊಟ. ಅದೇ ರೊಕ್ಕ ಅಲ್ಲಿಗೆ ಕಳಿಸೋಣ.

ಎರಡೂ ಕಡೆ ಕೆಲಸ ನಿಜವಾಗಿ ಹೇಗೆ ನಡೆಯುತ್ತದೆ, ಒಂದು ಮಗುವಿಗೆ ಎಷ್ಟು ಬೀಳುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಬಲ್ಲವರು ಲೆಕ್ಕ ಸಮೇತ ಹೇಳಬೇಕು. ನಾಷ್ಟಾ ಅಂತಾದರೆ 100 ಮಕ್ಕಳಿಗೆ ದಿನಕ್ಕೆ ಎಷ್ಟು ಸಾಮಾನು ಬೇಕು, ಯಾರ ಅನುಮತಿ ಬೇಕು ಎಂಬುದೂ ಬೇಕಾಗಿದೆ.

ಕಪ್ಪತಗುಡ್ಡ ಬರೆದದ್ದು:

ಮೊದಲ ಒಂದ್ ಮಾತು ಹೇಳ್ತೀನ್ರಿ. ಜೂನ್ ತಿಂಗಳದಾಗ ನಾಷ್ಟಾ ಚಾಲೂ ಮಾಡೂದು ಸರಳ ಐತಿ, ಫೆಬ್ರುವರಿ ಮಟಾ ನಡಸೂದು ಕಷ್ಟ. ಶಾಲ್ಯಾಗ ನಾಷ್ಟಾ ಕೊಡ್ತಾರ ಅಂತ ಗೊತ್ತಾದ ಮ್ಯಾಲೆ ಮನ್ಯಾಗ ಮುಂಜಾನಿ ಎರಡ್ ರೊಟ್ಟಿ ಕಡಿಮಿ ಬಡೀತಾರ. ಅದರಾಗ ತಪ್ಪೇನಿಲ್ಲ, ಹೊಲಕ್ಕ ಹೋಗೂ ತಾಯಿಗೆ ಅಷ್ಟ ಹಗುರ. ಆದ್ರ ನೀವು ಡಿಸೆಂಬರದಾಗ ರೊಕ್ಕ ತೀರ್ತು ಅಂತ ನಿಲ್ಲಿಸಿದ್ರಿ ಅಂದ್ರ ಆ ಹುಡುಗ ಮೊದಲಿಗಿಂತ ಜಾಸ್ತಿ ಹಸದು ಕುಂದರ್ತಾನ. ಅದಕ್ಕ ಇಡೀ ವರ್ಷದ ರೊಕ್ಕ ಕೈಯಾಗ ಇದ್ರಷ್ಟ ಒಲಿ ಹಚ್ರಿ.

ಹಚ್ಚೂಕಿಂತ ಮೊದಲ ಎಷ್ಟ್ ಮಕ್ಕಳು ಖಾಲಿ ಹೊಟ್ಟಿಲೆ ಬರ್ತಾರ ಅಂತ ನೋಡ್ರಿ. ಕ್ಲಾಸಿನ್ಯಾಗ ಕೈ ಎತ್ತಸಬ್ಯಾಡ್ರಿ, ನಾಚಿಕಿಗೆ ಒಬ್ರೂ ಎತ್ತೂದಿಲ್ಲ. ಒಬ್ಬೊಬ್ಬರನ್ನ ಬಾಜೂಕ ಕರದು "ಮುಂಜಾನಿ ಏನ್ ತಿಂದ್ಯವಾ" ಅಂತ ಕೇಳ್ರಿ, ಹೇಳಿದ್ದನ್ನ ಹಂಗ ಬರಕೊಳ್ರಿ: ಚಹಾ, ಚಹಾ-ಖಾರಿ, ರಾತ್ರಿದು ಅನ್ನ, ರೊಟ್ಟಿ. ಐದ್ ದಿನ ಕೇಳಬೇಕು, ಅದರಾಗ ಒಂದ್ ಸೋಮವಾರ, ಒಂದ್ ಸಂತಿ ದಿನ ಬರಬೇಕು. ಒಂದ ದಿನ ಕೇಳಿ ಲೆಕ್ಕಾ ಹಾಕಿದ್ರ ಮೋಸ ಹೋಗ್ತೀರಿ. ಮತ್ತ ಇದನ್ನ ಜುಲೈದಾಗ ಒಮ್ಮೆ, ಹತ್ತಿ ಸುಗ್ಗ್ಯಾಗ ಒಮ್ಮೆ ಮಾಡ್ರಿ, ಎರಡರ ಉತ್ತರಾ ಬ್ಯಾರೆ ಬ್ಯಾರೆ ಬರ್ತದ.

ಈಗ ಅಳತಿ. ಬಿಸಿಯೂಟದ ಲೆಕ್ಕಾ ನಿಮಗ ಗೊತ್ತಿರಲಿ: 1ರಿಂದ 5ನೇತ್ತೆಗೆ ಒಂದ್ ಮಗುವಿಗೆ ಧಾನ್ಯ 100 ಗ್ರಾಂ, ಬ್ಯಾಳಿ 20, ಕಾಯಿಪಲ್ಯೆ 50, ಎಣ್ಣಿ 5, ಅದರಿಂದ 450 ಕ್ಯಾಲರಿ, 12 ಗ್ರಾಂ ಪ್ರೊಟೀನು ಸಿಗಬೇಕು. 6ರಿಂದ 8ಕ್ಕ ಧಾನ್ಯ 150, ಬ್ಯಾಳಿ 30, ಕಾಯಿಪಲ್ಯೆ 75, ಎಣ್ಣಿ ಏಳೂವರಿ. 700 ಕ್ಯಾಲರಿ, 20 ಗ್ರಾಂ ಪ್ರೊಟೀನು. ನಿಮ್ಮ ನಾಷ್ಟಾ ಇದರ ಮ್ಯಾಲಿಂದು. ಅದಕ್ಕ ಹೊಟ್ಟಿ ತುಂಬಸೂ ಹಂಗ ಬಡಿಸಬ್ಯಾಡ್ರಿ, ಮಧ್ಯಾಹ್ನ ಅನ್ನಾ ತಾಟಿನ್ಯಾಗ ಉಳೀತದ. 250ರಿಂದ 280 ಕ್ಯಾಲರಿ, 8-9 ಗ್ರಾಂ ಪ್ರೊಟೀನು ಬಂದ್ರ ಬೇಷ್.

ಅದಕ್ಕ ಉಪ್ಪಿಟ್ಟ ಸಾಕು, ಆದ್ರ ಬರೇ ರವಾದ್ದಲ್ಲ. ಒಂದ್ ಮಗುವಿಗೆ ದಪ್ಪ ಗೋದಿ ರವಾ 40 ಗ್ರಾಂ, ಹೆಸರಬ್ಯಾಳಿ 10, ಹುರದ ಶೇಂಗಾ 10, ಎಣ್ಣಿ 5. ನೂರ್ ಮಕ್ಕಳಿಗೆ ರವಾ 4 ಕಿಲೋ, ಬ್ಯಾಳಿ 1 ಕಿಲೋ, ಶೇಂಗಾ 1 ಕಿಲೋ, ಎಣ್ಣಿ ಅರ್ಧಾ ಕಿಲೋ, ನೀರು 12 ಲೀಟರ್ ಹತ್ರಹತ್ರ. ಬ್ಯಾಳಿ ಮೊದಲ ಬ್ಯಾರೆ ಬೇಯಿಸ್ರಿ, ಆ ನೀರು ಚೆಲ್ಲಬ್ಯಾಡ್ರಿ, ಅದ ನೀರಾಗ ಉಪ್ಪಿಟ್ಟಿಗೆ ಇಡ್ರಿ. ರವಾ ಹಿಂದಿನ ದಿನ ಸಂಜಿಕ ಹುರದು ಡಬ್ಬ್ಯಾಗ ಮುಚ್ಚಿಟ್ರ ಮುಂಜಾನಿ ಅರ್ಧಾ ತಾಸು ಉಳೀತದ. 4 ಕಿಲೋ ಒಂದ ಪಾತೇಲ್ಯಾಗ ಒಮ್ಮೆ ಮಾಡಬ್ಯಾಡ್ರಿ, ತಳಾ ಹತ್ತತದ, ನಡಕ ಗಂಟ ಆಗತದ, ತಿರವೂ ಅಕ್ಕನ ರಟ್ಟಿ ಹೋಗ್ತದ. ಎರಡ್ ಕಿಲೋದ್ದು ಎರಡ್ ಸಲ ಮಾಡ್ರಿ. ನೀರು ಮಳ ಮಳ ಕುದಿಯೂ ಮುಂದ ಒಬ್ರು ರವಾ ಸಣ್ಣಗ ಬಿಡಬೇಕು, ಇನ್ನೊಬ್ರು ತಿರವಬೇಕು.

ಬಡಸೂದು ಸೌಟಿನ ಮ್ಯಾಲೆ ನಿಂತೈತಿ. ಎಲ್ಲಾ ಸೇರಿ ಸುಮಾರು 17 ಕಿಲೋ ಉಪ್ಪಿಟ್ಟ ಆಗತದ, ಅಂದ್ರ ಒಬ್ಬರಿಗೆ 170 ಗ್ರಾಂ. ತಕ್ಕಡ್ಯಾಗ ತೂಗಿ ನೋಡಿ 85 ಗ್ರಾಂ ಹಿಡಿಯೂ ಸೌಟ ಒಂದ ಗೊತ್ತ ಮಾಡ್ರಿ, ಎರಡ್ ಸೌಟ ಒಂದ್ ಪಾಲು. ಸೌಟ ಬದಲಾದ್ರ ಸಾಲಿನ ಕೊನ್ಯಾಗ ನಿಂತ ಒಂದನೇತ್ತೆ ಹುಡುಗೂರಿಗೆ ಕೆರದ ತಳದ್ದು ಬರ್ತದ.

ವಾರದಾಗ ಒಂದ್ ದಿನ ಚುರಮುರಿ ಸುಸಲಾ ಇಟ್ಕೊಳ್ರಿ, ಗ್ಯಾಸ್ ತೀರಿದ ದಿನಕ್ಕೂ ಅದ ಆಧಾರ. ಚುರಮುರಿ 30 ಗ್ರಾಂ, ಪುಟಾಣಿ ಹಿಟ್ಟು 10, ಶೇಂಗಾ 10. ಒಂದ ಎಚ್ಚರಿಕಿ: ಚುರಮುರಿ ತೋಯಿಸೂ ನೀರು ಮತ್ತ ಕುದಿಯೂದಿಲ್ಲ, ಹಂಗ ಹೊಟ್ಟಿಗೆ ಹೋಗ್ತದ. ತೊಟ್ಟಿ ನೀರು ಬಳಸಬ್ಯಾಡ್ರಿ, ಕುಡಿಯೂ ನೀರ ಬೇಕು.

ರೊಕ್ಕದ ಲೆಕ್ಕಾ. ನಿಮ್ಮ ಪ್ಯಾಟಿ ದರಾ ಹಚ್ಚಿ ತಿದ್ದಕೊಳ್ರಿ, ಅಂದಾಜಿಗೆ ಒಂದ್ ಪಾಲಿಗೆ ರವಾ 1.80, ಬ್ಯಾಳಿ 1.10, ಶೇಂಗಾ 1.30, ಎಣ್ಣಿ 0.75, ಗ್ಯಾಸ್ 0.45, ಉಳ್ಳಾಗಡ್ಡಿ-ಕರಿಬೇವು-ಉಪ್ಪು 0.60, ಎಲ್ಲಾ ಕೂಡಿ 6 ರೂಪಾಯಿ. ಶನಿವಾರ ಮುಂಜಾನಿ ಶಾಲಿ, ಅವತ್ತ ಬಿಡ್ರಿ. ವರ್ಷಕ್ಕ 185 ದಿನಾ ಹಿಡೀರಿ. 100 ಮಕ್ಕಳಿಗೆ 1,11,000. ಅಡಗಿ ಅಕ್ಕನಾರು ಇಬ್ರು ಎರಡ್ ತಾಸು ಮೊದಲ ಬರಬೇಕು, ಅವರ ಕೈಗೆ ಪುಕ್ಕಟೆ ಕೆಲಸ ಹಚ್ಚಬ್ಯಾಡ್ರಿ; ತಿಂಗಳಿಗೆ ಒಬ್ಬರಿಗೆ 1,500ರ ಮ್ಯಾಲೆ ಹತ್ತ್ ತಿಂಗಳಿಗೆ 30,000. ದರಾ ಏರೂದಕ್ಕ ನೂರಕ್ಕ ಹದಿನೈದು ತಗದಿಡ್ರಿ. ಒಟ್ಟು 1 ಲಕ್ಷ 62 ಸಾವಿರ. ಪಾತೇಲಿ, ತಕ್ಕಡಿ, ಬಿಗಿ ಮುಚ್ಚಳದ ಡಬ್ಬಿ ಅಂತ 15 ಸಾವಿರ. ಉಳದದ್ದನ್ನ ಮುಂದಿನ ವರ್ಷಕ್ಕ ಇಡ್ರಿ, ಖರ್ಚ್ ಮಾಡಬ್ಯಾಡ್ರಿ.

ಅನುಮತಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಠರಾವಿನಿಂದ ಚಾಲೂ ಆಗತದ. ಆಮ್ಯಾಲೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ, ತಾಲೂಕ ಪಂಚಾಯತಿಯೊಳಗಿನ ಅಕ್ಷರ ದಾಸೋಹದ ಸಹಾಯಕ ನಿರ್ದೇಶಕರಿಗೆ ಬರದು ಕೊಡ್ರಿ. ನಿಮ್ಮ ಸಾಮಾನು ಸರಕಾರದ ಅಕ್ಕಿ-ಬ್ಯಾಳಿ ಕೂಡ ಒಂದ ಕಪಾಟಿನ್ಯಾಗ ಇಡಬ್ಯಾಡ್ರಿ. ನಿಮ್ಮ ಬ್ಯಾಳಿ ಮುಗದಾಗ ಅವರದು ತಗದು ಹಾಕ್ತಾರ, ಅವರದು ಮುಗದಾಗ ನಿಮ್ಮದು, ಕಡೀಕ ತಪಾಸಣಿ ಬಂದಾಗ ಮುಖ್ಯ ಗುರುಗಳ ಕೊಳ್ಳಿಗೆ ಬರ್ತದ. ಬ್ಯಾರೆ ಡಬ್ಬಿ, ಬ್ಯಾರೆ ಸ್ಟಾಕ್ ರಿಜಿಸ್ಟರ್. ಕೈಯಾಗ ರೊಕ್ಕಾ ಕೊಡೂದಕಿಂತ ತಿಂಗಳಾ ಕಿರಾಣಿ ಬಿಲ್ಲಿಗೆ ನೀವ ತುಂಬೂದು ಚಲೋ.

ಬೆಣ್ಣಿಹಳ್ಳ ಬರೆದದ್ದು:

ಮಲಾವಿ ಕಡೆಯ ಲೆಕ್ಕವನ್ನು ನಾನು ಹೇಳುತ್ತೇನೆ. ಅಲ್ಲಿ ದೊಡ್ಡ ಮಟ್ಟದಲ್ಲಿ ಈ ಕೆಲಸ ಮಾಡುತ್ತಿರುವ ದಾನಸಂಸ್ಥೆ ಮೇರೀಸ್ ಮೀಲ್ಸ್. ಸ್ಕಾಟ್ಲೆಂಡಿನ ಮ್ಯಾಗ್ನಸ್ ಮ್ಯಾಕ್‌ಫರ್ಲೇನ್-ಬ್ಯಾರೋ ಕಟ್ಟಿದ್ದು. ಬರಗಾಲದ ವರ್ಷವಾದ 2002ರಲ್ಲಿ ಮಲಾವಿಯ 200 ಮಕ್ಕಳಿಂದ ಶುರುವಾಗಿ ಈಗ ಹಲವು ದೇಶಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಶಾಲೆಯ ದಿನಗಳಲ್ಲಿ ಊಟ ಕೊಡುತ್ತಿದೆ. ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮವೂ ಅಲ್ಲಿದೆ, ಆದರೆ ನಿಮ್ಮಂಥ ಸಣ್ಣ ಬಳಗಕ್ಕೆ ಮೊದಲನೆಯದರ ಲೆಕ್ಕ ಹಿಡಿಯುವುದು ಸುಲಭ.

ಕೊಡುವುದು ಗಂಜಿ. ಅಲ್ಲಿಯ ಚಿಚೇವಾ ಭಾಷೆಯಲ್ಲಿ ಅದಕ್ಕೆ ಫಾಲಾ ಎನ್ನುತ್ತಾರೆ. ಗೋವಿನಜೋಳದ ಹಿಟ್ಟಿಗೆ ಸೋಯಾ ಹಿಟ್ಟು ಬೆರೆಸಿ, ವಿಟಮಿನ್-ಖನಿಜ ಸೇರಿಸಿದ ಮಿಶ್ರಣಕ್ಕೆ ಲಿಕುನಿ ಫಾಲಾ ಎಂದು ಹೆಸರು. ಒಣ ಹಿಟ್ಟು ಮಗುವಿಗೆ 100 ಗ್ರಾಂ ಹಿಡಿದರೆ 380 ಕ್ಯಾಲರಿಯ ಆಸುಪಾಸು, 14 ಗ್ರಾಂನಷ್ಟು ಪ್ರೊಟೀನು. ಹಿಟ್ಟು ಒಂದಾದರೆ ನೀರು ಐದು. ಮೊದಲು ತಣ್ಣೀರಿನಲ್ಲಿ ಕಲಸಿಕೊಂಡು ಕುದಿಯುವ ನೀರಿಗೆ ಬಿಡಬೇಕು. ನೇರ ಬಿಸಿನೀರಿಗೆ ಸುರಿದರೆ ಮುದ್ದೆಗಂಟಾಗಿ ಒಳಗೆ ಹಸಿ ಹಿಟ್ಟು ಉಳಿಯುತ್ತದೆ. ಗಂಜಿ ತೆಳ್ಳಗಾದರೆ ಮಗುವಿನ ಲೋಟ ತುಂಬುತ್ತದೆ, ಹೊಟ್ಟೆಗೆ ಹಿಟ್ಟು ಹೋಗುವುದಿಲ್ಲ. ನೂರು ಲೋಟದ ಹಿಟ್ಟಿನಲ್ಲಿ ನೂರಾ ಐವತ್ತು ಲೋಟ ಮಾಡಿಬಿಡುವ ಆಸೆ ಎಲ್ಲ ಊರಿನ ಅಡುಗೆಮನೆಯಲ್ಲೂ ಬರುತ್ತದೆ, ಅದನ್ನು ತಡೆಯುವುದು ಹಿಟ್ಟಿನ ಅಳತೆ ಡಬ್ಬಿ ಒಂದೇ.

ಗೋವಿನಜೋಳಕ್ಕೆ ಸೋಯಾ ಯಾಕೆ ಬೇಕು ಎಂಬುದು ನಿಮ್ಮ ನಾಷ್ಟಾಕ್ಕೂ ಸಂಬಂಧಿಸಿದ ಮಾತು. ಗೋವಿನಜೋಳದ ಪ್ರೊಟೀನಿನಲ್ಲಿ ಲೈಸೀನ್ ಮತ್ತು ಟ್ರಿಪ್ಟೋಫಾನ್ ಎಂಬ ಅಂಶಗಳು ಕಡಿಮೆ, ಅದರಲ್ಲಿರುವ ನಯಾಸಿನ್ (ಬಿ3 ವಿಟಮಿನ್) ಕೂಡ ದೇಹಕ್ಕೆ ಸರಿಯಾಗಿ ದಕ್ಕುವುದಿಲ್ಲ. 1990ರಲ್ಲಿ ಮಲಾವಿಯಲ್ಲಿದ್ದ ಮೊಜಾಂಬಿಕ್ ನಿರಾಶ್ರಿತರಿಗೆ ಪಡಿತರದಲ್ಲಿ ಬರುತ್ತಿದ್ದ ಶೇಂಗಾ ನಿಂತುಹೋಯಿತು, ಉಳಿದದ್ದು ಮುಖ್ಯವಾಗಿ ಗೋವಿನಜೋಳ. ಕೆಲವೇ ತಿಂಗಳಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ಜನರಿಗೆ ನಯಾಸಿನ್ ಕೊರತೆಯ ರೋಗ ಪೆಲ್ಲಾಗ್ರಾ ಬಂತು: ಬಿಸಿಲು ತಾಗುವ ಕಡೆ ಚರ್ಮ ಕಪ್ಪಾಗಿ ಒಡೆಯುವುದು, ಭೇದಿ, ಮಂಕು. ರೊಟ್ಟಿ ಮಾಡುವ ಜೋಳವೇ ಮುಖ್ಯ ಊಟವಾಗಿದ್ದ ನಮ್ಮ ದಖನ್ನಿನ ಬಡವರಲ್ಲೂ ಈ ರೋಗ ಕಂಡದ್ದಿದೆ. ಆದ್ದರಿಂದ ಕಪ್ಪತಗುಡ್ಡ ಅವರು ಹೇಳಿದ ಹತ್ತು ಗ್ರಾಂ ಬೇಳೆ, ಹತ್ತು ಗ್ರಾಂ ಶೇಂಗಾವನ್ನು ರುಚಿಗೆ ಹಾಕುವ ಒಗ್ಗರಣೆ ಎಂದು ತಿಳಿಯಬೇಡಿ. ಖರ್ಚು ಇಳಿಸಬೇಕಾಗಿ ಬಂದರೆ ರವೆಯನ್ನು 40ರಿಂದ 30 ಗ್ರಾಂಗೆ ಇಳಿಸಿ, ಬೇಳೆ-ಶೇಂಗಾ ಮುಟ್ಟಬೇಡಿ.

ಕೆಲಸ ನಡೆಯುವ ರೀತಿ ನಮ್ಮ ಬಿಸಿಯೂಟಕ್ಕಿಂತ ಬೇರೆ. ಸಂಸ್ಥೆ ಹಿಟ್ಟು, ದೊಡ್ಡ ಪಾತ್ರೆ, ಲೋಟ, ತರಬೇತಿ ಕೊಡುತ್ತದೆ. ಒಲೆ ಹಚ್ಚಿ ಗಂಜಿ ಕಾಯಿಸುವವರು ಆ ಊರಿನ ತಾಯಂದಿರು, ಅಜ್ಜಿಯರು. ಸರದಿ ಹಾಕಿಕೊಂಡು ಸಂಬಳವಿಲ್ಲದೆ ಬೆಳಕು ಹರಿಯುವ ಮೊದಲೇ ಬರುತ್ತಾರೆ. ಊರವರು ಒಪ್ಪಿ ಸರದಿಗೆ ನಿಲ್ಲದೆ ಗಂಜಿ ಶುರುವಾಗುವುದೇ ಇಲ್ಲ. ಗಟ್ಟಿತನ ಇರುವುದು ಅಲ್ಲೇ: ಹಿಟ್ಟಿನ ಚೀಲ ಎಷ್ಟು ಬಂತು, ಎಷ್ಟು ಬೆಂದಿತು ಎಂಬುದನ್ನು ಕಾಯುವವರು ಅದೇ ಮಕ್ಕಳ ತಾಯಂದಿರು.

ಕೈಕೊಡುವುದು ಎಲ್ಲಿ? ಅಲ್ಲಿ ಹೊಸ ಗೋವಿನಜೋಳ ಬರುವುದು ಏಪ್ರಿಲ್ ಹೊತ್ತಿಗೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಣಜ ಖಾಲಿ, ಮಳೆಗಾಲವೂ ಅದೇ. ಮಕ್ಕಳಿಗೆ ಗಂಜಿ ಅತಿ ಹೆಚ್ಚು ಬೇಕಾಗುವ ತಿಂಗಳಲ್ಲೇ ಜೋಳದ ದರ ಏರಿರುತ್ತದೆ, ಕಚ್ಚಾ ರಸ್ತೆ ಕೆಟ್ಟಿರುತ್ತದೆ. 2023ರ ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತ ದಕ್ಷಿಣ ಮಲಾವಿಗೆ ಬಡಿದಾಗ ಶಾಲೆಗಳೇ ನಿರಾಶ್ರಿತರ ತಂಗುದಾಣವಾದವು. ಅದೇ ವರ್ಷ ನವೆಂಬರ್‌ನಲ್ಲಿ ಅಲ್ಲಿಯ ನಾಣ್ಯ ಕ್ವಾಚಾದ ಬೆಲೆಯನ್ನು ಶೇ. 44ರಷ್ಟು ಇಳಿಸಲಾಯಿತು, ಹೊರಗಿನಿಂದ ತರುವ ಡೀಸೆಲ್, ಪಾತ್ರೆ, ವಿಟಮಿನ್ ಪುಡಿ ಎಲ್ಲ ತುಟ್ಟಿಯಾಯಿತು. ಹಾಗಾಗಿ ಸುಗ್ಗಿಯಲ್ಲೇ ಕೊಂಡು ದಾಸ್ತಾನು ಇಡಲು ಕೈಯಲ್ಲಿ ಹಣ ಇರುವ ಸಂಸ್ಥೆಗೆ ಕೊಡುವುದು ಮುಖ್ಯ. ನೀವು ಕೊಡುವುದಾದರೆ ತಿಂಗಳಿಗಿಷ್ಟು ಅನ್ನುವ ಬದಲು ಏಪ್ರಿಲ್-ಮೇನಲ್ಲಿ ಒಂದೇ ಸಲ ಕೊಡಿ.

ಒಂದು ಮಗುವಿಗೆ ಒಂದು ಶಾಲಾ ವರ್ಷಕ್ಕೆ ಅವರು ಹೇಳುವ ಖರ್ಚು ಸುಮಾರು 19 ಪೌಂಡ್. ನಮ್ಮ ರೂಪಾಯಿಯಲ್ಲಿ 2,200 ಎಂದು ಹಿಡಿಯಿರಿ. ನಿಮ್ಮ 2 ಲಕ್ಷ 40 ಸಾವಿರಕ್ಕೆ ಹೆಚ್ಚುಕಡಿಮೆ 109 ಮಕ್ಕಳು. ನಿಮ್ಮ ಶಾಲೆಯಲ್ಲಿ ದಿನಾ ಬರುವ ಮಕ್ಕಳಷ್ಟೇ ಆಯಿತು. ವ್ಯತ್ಯಾಸ ಇಷ್ಟೇ: ಇಲ್ಲಿ ಅದು ಬಿಸಿಯೂಟ, ಹಾಲು, ಮೊಟ್ಟೆಯ ಮೇಲಿನ ಹೆಚ್ಚುವರಿ ತುತ್ತು, ಅಲ್ಲಿ ಶಾಲೆಯಲ್ಲಿ ಸಿಗುವ ಏಕೈಕ ಊಟ. ನಮ್ಮಲ್ಲಿ ಬಿಸಿಯೂಟದ ಸಾಮಗ್ರಿ ವೆಚ್ಚ 2025ರ ಮೇ ತಿಂಗಳಿಂದ ಪ್ರಾಥಮಿಕಕ್ಕೆ 6.78 ರೂಪಾಯಿ, ಹಿರಿಯ ಪ್ರಾಥಮಿಕಕ್ಕೆ 10.17. ಇದನ್ನು ಮಲಾವಿಯ ದರದ ಜೊತೆ ನೇರ ಹೋಲಿಸಬೇಡಿ. ಇಲ್ಲಿ ಅಕ್ಕಿ ಕೇಂದ್ರದಿಂದ ಬೇರೆಯಾಗಿ ಬರುತ್ತದೆ, ಅಡುಗೆಯವರ ಗೌರವಧನವೂ ಬೇರೆ ಲೆಕ್ಕ.

ಹಣ ಕಳಿಸುವ ದಾರಿ: ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಒಬ್ಬ ವ್ಯಕ್ತಿ ತನ್ನ ಖಾತೆಯಿಂದ ಹೊರದೇಶಕ್ಕೆ ದಾನ ಕಳಿಸಬಹುದು, ಬ್ಯಾಂಕಿನಲ್ಲಿ ಎ2 ಅರ್ಜಿ ತುಂಬಬೇಕು. ಈ ದಾನಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುವುದಿಲ್ಲ. ಬಳಗ ನೋಂದಾಯಿತ ಟ್ರಸ್ಟ್ ಆಗಿದ್ದರೆ ಅದರ ಖಾತೆಯಿಂದ ಕಳಿಸಬೇಡಿ, ದೇಶದ ಹೊರಗಿನ ಖರ್ಚಿಗೆ ಟ್ರಸ್ಟಿನ ತೆರಿಗೆ ವಿನಾಯಿತಿಯಲ್ಲಿ ತೊಡಕಾಗುತ್ತದೆ. ಸದಸ್ಯರು ಒಬ್ಬೊಬ್ಬರಾಗಿ ಕಳಿಸಲಿ, ವರ್ಷಕ್ಕೆ ಒಂದೇ ಸಲ. ಪ್ರತಿ ರವಾನೆಗೂ ಬ್ಯಾಂಕ್ ಶುಲ್ಕ ಕಡಿಯುತ್ತದೆ.

ಕಣದ ಕಾಳು ಬರೆದದ್ದು:

ಅಡುಗೆಯ ಬಗ್ಗೆ ಎಲ್ಲ ಬಂತು. ಕಾಳು ಮತ್ತು ಎಣ್ಣೆಯ ಬಗ್ಗೆ ನಾಲ್ಕು ಮಾತು ಸೇರಿಸಲೇಬೇಕು, ದಾನದ ಊಟದಲ್ಲಿ ಜೀವಕ್ಕೆ ಅಪಾಯ ಬರುವುದು ಅಲ್ಲಿಂದಲೇ.

ಶೇಂಗಾ ಮತ್ತು ಗೋವಿನಜೋಳ ಎರಡಕ್ಕೂ ಬೂಸ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. ಹುರಿದರೂ ಕುದಿಸಿದರೂ ಅದು ಪೂರ್ತಿ ಹೋಗುವುದಿಲ್ಲ. 2004ರಲ್ಲಿ ಕೆನ್ಯಾದ ಪೂರ್ವ ಭಾಗದಲ್ಲಿ ತೇವದಲ್ಲಿಟ್ಟ ಗೋವಿನಜೋಳ ತಿಂದು 125 ಜನ ಸತ್ತರು. ಅಷ್ಟು ದೊಡ್ಡ ಪ್ರಮಾಣ ಅಪರೂಪ, ಆದರೆ ದಿನಾ ಸ್ವಲ್ಪ ಸ್ವಲ್ಪ ಹೋದರೂ ಯಕೃತ್ತು ಕೆಡುತ್ತದೆ. "ದಾನಕ್ಕೆ ತಾನೇ" ಎಂದು ಯಾರಾದರೂ ಮಳೆಗೆ ಸಿಕ್ಕ ಶೇಂಗಾದ ಚೀಲ ತಂದು ಇಳಿಸಿದರೆ ಕೈಮುಗಿದು ವಾಪಸ್ ಕಳಿಸಿ. ಕೊಂಡ ಶೇಂಗಾವನ್ನೂ ಹುರಿಯುವ ಮೊದಲು ಬಿಳಿ ಬಟ್ಟೆಯ ಮೇಲೆ ಹರವಿ ಮುದುಡಿದ, ಕಪ್ಪಾದ, ಹಸಿರು-ಹಳದಿ ಪುಡಿ ಹತ್ತಿದ ಬೀಜ ಆರಿಸಿ ತೆಗೆಯಬೇಕು. ವಿಷದ ಬಹುಪಾಲು ಅಂಥ ಕೆಲವೇ ಬೀಜಗಳಲ್ಲಿ ಇರುತ್ತದೆ. ಆರಿಸಿ ತೆಗೆದದ್ದನ್ನು ಕೋಳಿಗೂ ಎಮ್ಮೆಗೂ ಹಾಕಬೇಡಿ. ಹಾಲಿನ ಮೂಲಕ ತಿರುಗಿ ಮನೆಗೇ ಬರುತ್ತದೆ.

ಗೋವಿನಜೋಳ ಒಣಗಿದೆಯೋ ಇಲ್ಲವೋ ನೋಡಲು ಯಂತ್ರ ಬೇಕಿಲ್ಲ. ಒಣ ಗಾಜಿನ ಬಾಟಲಿಯ ಮೂರರಲ್ಲಿ ಒಂದು ಪಾಲು ಕಾಳು ಹಾಕಿ. ಬಿಸಿಲಿಗೆ ಒಣಗಿಸಿದ ಪುಡಿ ಉಪ್ಪು ಎರಡು ಚಮಚ ಸೇರಿಸಿ ಮುಚ್ಚಳ ಬಿಗಿದು ಒಂದು ನಿಮಿಷ ಅಲ್ಲಾಡಿಸಿ, ಹದಿನೈದು ನಿಮಿಷ ಬಿಡಿ. ಉಪ್ಪು ಗಾಜಿನ ಒಳಮೈಗೆ ಮಂಜಿನಂತೆ ಅಂಟಿಕೊಂಡರೆ ತೇವ ಶೇ. 15ಕ್ಕಿಂತ ಹೆಚ್ಚು, ಆ ಚೀಲ ಬೇಡ. ಉಪ್ಪು ಉದುರಿ ತಳ ಸೇರಿದರೆ ಇಡಬಹುದು. ಚೀಲಗಳನ್ನು ಗೋಡೆಗೆ ಆನಿಸಬೇಡಿ, ನೆಲದ ಮೇಲೆ ಇಡಬೇಡಿ. ಕಟ್ಟಿಗೆಯ ಹಲಗೆ ಹಾಕಿ ಗೋಡೆಯಿಂದ ಒಂದು ಗೇಣು ಬಿಡಿ.

ಎಣ್ಣೆಯ ವಿಷಯದಲ್ಲಿ ಸಲುಗೆ ಬೇಡವೇ ಬೇಡ. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ತೀರಿಕೊಂಡರು. ಅಡುಗೆಯಲ್ಲಿ ಸೇರಿದ್ದು ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ. ಹತ್ತಿ-ಮೆಣಸಿನಕಾಯಿಯ ಸೀಮೆಯಲ್ಲಿ ಔಷಧದ ಖಾಲಿ ಡಬ್ಬಿ ಯಾವ ಮನೆಯಲ್ಲಿಲ್ಲ? ತೊಳೆದರೂ ಅದು ಊಟದ ಸಾಮಾನಿಗೆ ಆಗುವುದಿಲ್ಲ. ಎಣ್ಣೆ ಸೀಲ್ ಇದ್ದ ಪ್ಯಾಕೆಟ್ಟೇ ಬರಲಿ, ಸ್ಟೀಲ್ ಡಬ್ಬಿಗೆ ಸುರಿಯಿರಿ, ಬಿಡಿ ಎಣ್ಣೆ ತರಬೇಡಿ. ಬಡಿಸುವ ಅರ್ಧ ತಾಸು ಮೊದಲು ಒಬ್ಬ ಶಿಕ್ಷಕರು ಒಂದು ಪೂರ್ತಿ ಪಾಲು ಉಂಡು ರಿಜಿಸ್ಟರಿನಲ್ಲಿ ಸಹಿ ಮಾಡಬೇಕು. ಬೆರಳಿಗೆ ಹಚ್ಚಿ ನೆಕ್ಕಿದರೆ ರುಚಿ ನೋಡಿದಂತಲ್ಲ. ವಾಸನೆ ಬೇರೆ ಇದ್ದರೆ, ಕಹಿ ಅನಿಸಿದರೆ ಆ ದಿನ ಮಕ್ಕಳಿಗೆ ಬಾಳೆಹಣ್ಣು ಕೊಟ್ಟು ಪಾತ್ರೆ ಮುಚ್ಚಿಡಿ.

ಇನ್ನು ಹೊತ್ತು. ಉಪ್ಪಿಟ್ಟು ಒಲೆಯಿಂದ ಇಳಿದ ಮೇಲೆ ಒಂದು ತಾಸಿನೊಳಗೆ ಬಡಿಸಿ ಮುಗಿಸಿ. 60 ಡಿಗ್ರಿಗಿಂತ ಕೆಳಗೆ ಬೆಚ್ಚಗೆ ಕುಳಿತ ಅನ್ನ-ರವೆಯಲ್ಲಿ ಬೆಳೆಯುವ ಒಂದು ಬಗೆಯ ರೋಗಾಣು ಬಿಡುವ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಎರಡು ಮೂರು ತಾಸಿನಲ್ಲೇ ಮಕ್ಕಳು ವಾಂತಿ ಮಾಡಿಕೊಳ್ಳುತ್ತಾರೆ. ಆದ್ದರಿಂದ ಉಳಿದ ನಾಷ್ಟಾವನ್ನು ಮಧ್ಯಾಹ್ನದ ಅನ್ನಕ್ಕೆ ಸೇರಿಸುವ ಪದ್ಧತಿ ಬೇಡ.

ಹುಬ್ಬಳ್ಳಿ-ಧಾರವಾಡದವರು ಯಾರಾದರೂ ಇದನ್ನೇ ಮಾಡಬೇಕೆಂದಿದ್ದರೆ ಒಂದು ಸೂಚನೆ. ಅಲ್ಲಿಯ ಅನೇಕ ಶಾಲೆಗಳಿಗೆ ಮಧ್ಯಾಹ್ನದ ಊಟ ರಾಯಾಪುರದ ಅಕ್ಷಯ ಪಾತ್ರೆಯ ಅಡುಗೆಮನೆಯಿಂದ ವಾಹನದಲ್ಲಿ ಬರುತ್ತದೆ. ಅಂಥ ಶಾಲೆಯಲ್ಲಿ ಹಾಲು ಕಾಯಿಸುವಷ್ಟು ಒಲೆ ಇರಬಹುದು, 17 ಕಿಲೋ ಉಪ್ಪಿಟ್ಟು ಇಳಿಸುವ ವ್ಯವಸ್ಥೆ ಇರುವುದಿಲ್ಲ. ಮೊದಲು ಅಡುಗೆ ಕೋಣೆ ನೋಡಿ, ಆಮೇಲೆ ತಿಂಡಿ ಆರಿಸಿ.

ವರದಾ ದಂಡಿ ಬರೆದದ್ದು:

ಇಷ್ಟು ವಿವರವಾಗಿ ಹೇಳಿದ ಮೂವರಿಗೂ ಬಳಗದ ಪರವಾಗಿ ಕೃತಜ್ಞತೆ. ಎರಡು ಪ್ರಶ್ನೆ ಉಳಿದಿವೆ. ಶಾಲೆಯ ಬೋರ್ ನೀರು ಗಡಸು, ಬಿಸಿಯೂಟದ ಬೇಳೆಯೇ ಬೇಯಲು ಹೊತ್ತು ಹಿಡಿಯುತ್ತದೆ. ಮುಂಜಾನೆ ಅಷ್ಟು ಹೊತ್ತು ಎಲ್ಲಿಂದ ತರುವುದು? ಎರಡನೆಯದು, ಐದು ದಿನ ಕೇಳಿ ನೋಡಿದಾಗ ಹಸಿದು ಬರುವವರು ಇಪ್ಪತ್ತೈದು, ಮೂವತ್ತು ಮಕ್ಕಳಷ್ಟೇ ಎಂದು ತಿಳಿದರೆ ಅವರಿಗಷ್ಟೇ ಕೊಡಬಹುದೇ?

ಬೆಣ್ಣಿಹಳ್ಳ ಬರೆದದ್ದು:

ಎರಡನೆಯದಕ್ಕೆ ಉತ್ತರ: ಬೇಡ. ಹೆಸರು ಕರೆದು ಬೇರೆ ಸಾಲು ಮಾಡಿದ ದಿನವೇ ಆ ಮಕ್ಕಳು "ಹಸಿವಿಲ್ಲ ಸರ್" ಎನ್ನಲು ಕಲಿಯುತ್ತಾರೆ. ಮಲಾವಿಯಲ್ಲೂ ಗಂಜಿ ಶಾಲೆಗೆ ಬಂದ ಎಲ್ಲ ಮಕ್ಕಳಿಗೂ ಸಿಗುತ್ತದೆ, ಬಡತನ ಅಳೆದು ಕೊಡುವುದಿಲ್ಲ. ಹಸಿದವರು ಕಡಿಮೆ ಇದ್ದರೆ ಮಕ್ಕಳನ್ನು ಆರಿಸುವ ಬದಲು ತಿಂಡಿಯನ್ನೇ ಸಣ್ಣದು ಮಾಡಿ. ಒಲೆ ಬೇಡ, ಮೊದಲ ಗಂಟೆಗೆ ಎಲ್ಲರ ಕೈಗೂ ಒಂದೊಂದು ಶೇಂಗಾ-ಪುಟಾಣಿ ಉಂಡಿ. ಶೇಂಗಾ 12 ಗ್ರಾಂ, ಪುಟಾಣಿ 8, ಬೆಲ್ಲ 10: ಸುಮಾರು 130 ಕ್ಯಾಲರಿ, 5 ಗ್ರಾಂನಷ್ಟು ಪ್ರೊಟೀನು. ಕಟ್ಟುವ ಕೂಲಿ ಸೇರಿ ಒಂದಕ್ಕೆ ಮೂರೂವರೆ ರೂಪಾಯಿ ಹಿಡಿದರೆ 100 ಮಕ್ಕಳಿಗೆ 185 ದಿನಕ್ಕೆ 64,750. ಉಳಿಯುವ 1 ಲಕ್ಷ 75 ಸಾವಿರದಲ್ಲಿ ಮಲಾವಿಯ ಎಂಬತ್ತರಷ್ಟು ಮಕ್ಕಳಿಗೆ ವರ್ಷದ ಗಂಜಿ. ಬಳಗದ ಎರಡು ಗುಂಪಿಗೂ ಇದು ಒಪ್ಪಿಗೆಯಾದೀತು. ಹಸಿದು ಬರುವವರು ಅರ್ಧಕ್ಕಿಂತ ಹೆಚ್ಚು ಎಂದು ಕಂಡರೆ ಮಾತ್ರ ನನ್ನ ಸಲಹೆಯೂ ಬಿಸಿ ಉಪ್ಪಿಟ್ಟೇ, ಹಣ ಇಲ್ಲೇ ಇರಲಿ.

ಕಪ್ಪತಗುಡ್ಡ ಬರೆದದ್ದು:

ಗಡಸು ನೀರಿಗೆ ಸೋಡಾ ಹಾಕಬ್ಯಾಡ್ರಿ, ಬ್ಯಾಳಿ ಮೆತ್ತಗ ಆಗತದ ಖರೆ, ಬಿ1 ವಿಟಮಿನ್ ಸುಟ್ಟು ಹೋಗ್ತದ. ತೊಗರಿಬ್ಯಾಳಿ ಬಿಟ್ಟು ಹೆಸರಬ್ಯಾಳಿ ಹೇಳಿದ್ದು ಅದಕ್ಕ, ಅದು ಲಗೂನ ಬೇಯ್ತದ. ಒಲಿ ಹಚ್ಚಿದ ಕೂಡಲೆ ತೊಳದು ನೆನಿ ಇಟ್ಟು, ರವಾ-ಉಳ್ಳಾಗಡ್ಡಿ ತಯಾರಿ ಮುಗಿಸಿ ಆಮ್ಯಾಲೆ ಬೇಯಿಸ್ರಿ. ಉಪ್ಪು, ಟೊಮೆಟೊ, ಹುಣಸಿ ಏನಿದ್ರೂ ಬ್ಯಾಳಿ ಬೆಂದ ಮ್ಯಾಲೆ. ಮಳಿ ನೀರು ಹಿಡದ ತೊಟ್ಟಿ ಇದ್ರ ಬ್ಯಾಳಿಗೆ ಅಷ್ಟ ಆ ನೀರು ಬಳಸ್ರಿ, ಹ್ಯಾಂಗೂ ಕುದೀತದ.

ಉಂಡಿ ವಿಚಾರ ಚಲೋ ಐತಿ, ನಾ ಒಪ್ತೀನಿ. ಶೇಂಗಾ ತಿಂದ್ರ ಮೈ ದದ್ದು ಏಳೂ, ಉಸರ ಕಟ್ಟೂ ಮಕ್ಕಳು ಅದಾರೇನು ಅಂತ ಮೊದಲ ಮನಿಯವರನ್ನ ಕೇಳ್ರಿ, ಅವರಿಗೆ ಬಾಳಿಹಣ್ಣ ಇಡ್ರಿ. ಶೇಂಗಾ ಇಡೀ ಬೀಜ ಬ್ಯಾಡ, ಕುಟ್ಟಿ ತರಿ ಮಾಡ್ರಿ, ಒಂದನೇತ್ತೆ ಹುಡುಗೂರಿಗೆ ಗಂಟಲಾಗ ಸಿಗಬಾರದು. ಬೆಲ್ಲದ ಪಾಕಾ ಉಂಡಿ ಹದಕ್ಕ ಬಂದೈತೋ ಇಲ್ಲೋ ತಣ್ಣೀರಾಗ ಒಂದ್ ಹನಿ ಬಿಟ್ಟು ನೋಡ್ರಿ: ಕರಗಿ ಹರದ್ರ ಎಳೀದು, ಬೆರಳಾಗ ಮೆತ್ತನ ಗುಂಡ ಆದ್ರ ಸರಿ, ಟಣ್ ಅಂದ್ರ ಚಿಕ್ಕಿ ಆಗತದ, ಸಣ್ಣ ಮಕ್ಕಳ ಹಲ್ಲಿಗೆ ಆಗೂದಿಲ್ಲ. ಒಂದ್ ತಿಂಗಳದ್ದು ಒಮ್ಮೆ ಕಟ್ಟಿಡಬ್ಯಾಡ್ರಿ, ಮಳಿಗಾಲದಾಗ ಹತ್ತ್ ದಿನಕ್ಕ ಎಣ್ಣಿ ಕಮಟ ಹತ್ತತದ. ವಾರಕ್ಕ 500 ಉಂಡಿ, ಶನಿವಾರ ಮಧ್ಯಾಹ್ನ ಕಟ್ಟಿ, ಪೂರಾ ಆರಿದ ಮ್ಯಾಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬ್ಯಾಗ ಇಡ್ರಿ. ಬಿಸಿ ಇದ್ದಾಗ ಮುಚ್ಚಿದ್ರ ಬೆವತು ಬುಧವಾರಕ್ಕ ಬೂಸ್ಟ್ ಬರ್ತದ.